ಅಜ್ಜಿ ಹಡಗು ನೋಡಲು ಹೋದದ್ದು

ಗುಡೇಕೋಟೆಯ ನಮ್ಮ ಮನೆಯಂಗಳದಲ್ಲಿ ಹಸಿ ಶೇಂಗಾದ ರಾಶಿ ಬಿದ್ದಿರುತ್ತಿದ್ದ ದಿನಗಳವು. ದಸರಾ ರಜೆ ಶುರುವಾದರೆ ಬಳ್ಳಿಯಿಂದ ಕಾಯಿ ಬಿಡಿಸುವುದೇ ಮಕ್ಕಳ ಕೆಲಸ, ಅದೇ ಆಟ. ಬಿಡಿಸಿದ್ದಕ್ಕಿಂತ ತಿಂದದ್ದೇ ಹೆಚ್ಚು. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಆ ರಾಶಿಯ ಮುಂದೆ ಕೂತು ನನ್ನ ಸೋದರತ್ತೆ ರೇಣುಕಾ ತಾನು ಹಡಗು ಹತ್ತಬೇಕೆಂದು ಹೇಳಿದಳು.

ರೇಣುಕತ್ತೆ ಮಂಗಳೂರಿನಲ್ಲಿ ಸಮುದ್ರದ ಜೀವಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಕುರಿ ಸಾಕುವ ನಮ್ಮ ಮನೆತನದಲ್ಲಿ ಅಷ್ಟು ಓದಿದವಳು ಅವಳೊಬ್ಬಳೇ. ಅರಬ್ಬಿ ಸಮುದ್ರದಲ್ಲಿ ನಲವತ್ತು ದಿನ ಸುತ್ತಿ, ನೀರಿನ ಬಿಸಿ, ಉಪ್ಪು, ಅದರೊಳಗಿನ ಜೀವಗಳನ್ನು ಪರೀಕ್ಷಿಸುವ ಹಡಗಿನಲ್ಲಿ ಅವಳಿಗೆ ಮೊದಲ ಸಲ ಜಾಗ ಸಿಕ್ಕಿತ್ತು. ಅವಳು ಬಿಟ್ಟರೆ ಆ ಜಾಗಕ್ಕೆ ಕಾದವರು ಬೇರೆ ಇದ್ದರು.

ಅಪ್ಪ ಅಜ್ಜಿಯ ಕಡೆ ನೋಡಿದ. ಮನೆಯಲ್ಲಿ ತೀರ್ಮಾನವೆಲ್ಲ ಅಜ್ಜಿ ದುರುಗಮ್ಮನದು.

"ನಲವತ್ತು ದಿನ ನೀರಿನ ಮ್ಯಾಲ ಅಂದ್ರ ಎಲ್ಲಿ ಮಲಗ್ತಿ? ಅಡಿಗಿ ಯಾರು ಮಾಡ್ತಾರ?" ಎಂದಳು ಅಜ್ಜಿ.

"ಎಲ್ಲಾ ಒಳಗ ಐತಬೇ."

"ಐತಿ ಅಂದ್ರ ಆತೇನು. ನಾ ನೋಡಿದ ಮ್ಯಾಲ ಹೇಳ್ತೀನಿ."

ಅತ್ತೆ ಫೋನು ಮಾಡಿ ವಿಚಾರಿಸಿದಳು. ಹೊರಡುವ ಮುನ್ನಾದಿನ ಮನೆಯವರು ಬಂದು ನೋಡಬಹುದು ಎಂದರಂತೆ. ಅಜ್ಜಿ ಎರಡು ದಿನ ಒಲೆ ಮುಂದೆ ಕೂತು ತಿಂಗಳಾದರೂ ಕೆಡದ ಕಟಕ ರೊಟ್ಟಿ ಬಡಿದಳು, ಶೇಂಗಾ ಚಟ್ನಿಪುಡಿ ಕುಟ್ಟಿದಳು. ಮನೆಯೆಲ್ಲ ಬೆಳ್ಳುಳ್ಳಿಯ ಘಮ.

"ಹಡಗ ನಿನಗ ಸೇರಲಿಲ್ಲಂದ್ರ ಈ ಗಂಟು ಏನ್ ಮಾಡ್ತಿ?" ಎಂದು ಕೇಳಿದೆ.

"ವಾಪಸ್ ಹೊತಗೊಂಡು ಬರಾಕ ನೀ ಅದಿಯಲ್ಲ."

ಹಾಗೆ ನನಗೂ ಹೊರಡುವ ಭಾಗ್ಯ ಬಂತು. ಕೂಡ್ಲಿಗಿಯಲ್ಲಿ ಒಂದು, ಹರಪನಹಳ್ಳಿಯಲ್ಲಿ ಇನ್ನೊಂದು, ಆಮೇಲೆ ಲೆಕ್ಕ ತಪ್ಪುವಷ್ಟು ಬಸ್ಸುಗಳು. ಮಂಗಳೂರಿನ ಬಂದರಿನಲ್ಲಿ ಒಣಮೀನು, ಡೀಸೆಲ್, ಉಪ್ಪುಗಾಳಿಯ ವಾಸನೆ. ನಮ್ಮ ಶಾಲೆಯ ಮೇಲೆ ಇನ್ನೆರಡು ಶಾಲೆ ಇಟ್ಟಷ್ಟು ಎತ್ತರಕ್ಕೆ ಬಿಳಿ ಹಡಗು ನಿಂತಿತ್ತು. ಹತ್ತುವ ಏಣಿಯ ಬುಡದಲ್ಲಿ ಅಜ್ಜಿ ನಿಂತುಬಿಟ್ಟಳು. ಕೆಳಗೆ ಕಪ್ಪು ನೀರು ತುಳುಕುತ್ತಿತ್ತು.

"ಅಲ್ಲಾಡ್ತೈತಿ ಇದು," ಎಂದಳು ಮೆಲ್ಲಗೆ.

ಅಜ್ಜಿ ಇಲ್ಲಿಂದಲೇ ತಿರುಗಿದರೆ ಎಲ್ಲ ಮುಗಿದಂತೆ. ಆದರೂ ಅತ್ತೆ ಕೈ ಹಿಡಿದು ಎಳೆಯಲಿಲ್ಲ. ಅಜ್ಜಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು, ನನ್ನ ಭುಜ ಹಿಡಿದು ಹತ್ತಿಯೇಬಿಟ್ಟಳು.

ಮೇಲೆ ನರೆಗೂದಲಿನ ಹೆಂಗಸೊಬ್ಬರು "ಬನ್ನಿ ಅಮ್ಮ" ಎಂದು ಕರೆದರು. ಈ ಪಯಣದ ಮುಖ್ಯ ವಿಜ್ಞಾನಿ ಅವರೇ ಎಂದು ಅತ್ತೆ ಹೇಳಿದಾಗ ಅಜ್ಜಿ ಅವರನ್ನು ಎರಡೆರಡು ಸಲ ನೋಡಿದಳು. ಅವರು ಬೇರೆಬೇರೆ ಆಳದ ನೀರು ಹಿಡಿದು ತಾವಾಗಿಯೇ ಮುಚ್ಚಿಕೊಳ್ಳುವ ಬಾಟಲಿಗಳನ್ನು ತೋರಿಸಿದರು. ಆಮೇಲೆ ಒಂದು ಹನಿ ಸಮುದ್ರದ ನೀರಿಟ್ಟ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಅಜ್ಜಿ ಒಂದು ಕಣ್ಣು ಮುಚ್ಚಿ ಬಗ್ಗಿದಳು.

"ನಮ್ಮ ಕುರಿ ಚಿಗಟ ಇದ್ದಂಗ ಐತಲ್ರಿ ಇದು. ಮೀಸಿ ಬ್ಯಾರೆ."

"ಸಣ್ಣ ಮೀನುಗಳು ಇದನ್ನು ತಿಂದೇ ಬದುಕುತ್ತವೆ ಅಮ್ಮ. ಇದು ಎಲ್ಲಿ ಎಷ್ಟಿದೆ ಅಂತ ನೋಡಲಿಕ್ಕೆ ನಾವು ಹೋಗುವುದು."

ಅಜ್ಜಿ ತಲೆಯೆತ್ತಿದಳು. "ಹಂಗನ್ರಿ ಮತ್ತ. ಮೇವು ನೋಡಾಕ ಹೊಂಟೀರಿ."

ಆ ವಿಜ್ಞಾನಿ ಜೋರಾಗಿ ನಕ್ಕು, ಪಕ್ಕದ ಕೋಣೆಯವರನ್ನೂ ಕರೆದು ಆ ಮಾತನ್ನು ಇನ್ನೊಮ್ಮೆ ಹೇಳಿಸಿದರು. ಅಜ್ಜಿಗೆ ಹುರುಪು ಬಂತು. ಮಲಗುವ ಕೋಣೆಗೆ ಹೋಗಿ ಒಳಗಿನ ಚಿಲಕವನ್ನು ಮೂರು ಸಲ ಹಾಕಿ ತೆಗೆದಳು. ಅಡುಗೆಮನೆಯಲ್ಲಿ ಗಂಟು ಬಿಚ್ಚಿ, "ಒಬ್ಬಾಕಿಗೆ ಅಲ್ಲ, ಎಲ್ಲರಿಗೂ ಹಾಕ್ರಿ" ಎಂದು ಅಡುಗೆಯವನಿಗೆ ಕೊಟ್ಟಳು. ಅತ್ತೆ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು. ಆಗಲೇ ನಮಗೆ ಉತ್ತರ ಸಿಕ್ಕಿತ್ತು. ಕೆಳಗಿಳಿದ ಮೇಲೆ ಅಜ್ಜಿ ಅದನ್ನು ಬಾಯಿಬಿಟ್ಟು ಹೇಳಿದಳು:

"ಹೋಗಿ ಬಾ. ಮೇವು ಹೆಂಗೈತಿ ಅಂತ ಬಂದು ನನಗ ಹೇಳಬೇಕು."

ಅತ್ತೆ ಮಾತು ಉಳಿಸಿಕೊಂಡಳು. ನಲವತ್ತು ದಿನ ಕಳೆದು ಬಂದವಳು ಅಂಗಳದಲ್ಲಿ ದೊಡ್ಡ ನಕ್ಷೆ ಹಾಸಿ, ಎಲ್ಲಿ ನೀರು ತಣ್ಣಗಿತ್ತು, ಎಲ್ಲಿ ಬಲೆ ತುಂಬಿ ಬಂತು, ಮೊದಲ ಮೂರು ದಿನ ತಾನು ಹೇಗೆ ವಾಂತಿ ಮಾಡಿಕೊಂಡೆ ಎಂದು ಒಂದೂ ಬಿಡದೆ ಒಪ್ಪಿಸಿದಳು. ಅಜ್ಜಿ ನಕ್ಷೆಯ ಮೇಲೇ ಕೂತು ಕೇಳಿದಳು. ಮುಂದಿನ ಪಯಣಗಳಿಗೆ ಅತ್ತೆ ಯಾರ ಒಪ್ಪಿಗೆಯನ್ನೂ ಕೇಳಬೇಕಾಗಲಿಲ್ಲ.

ಅಜ್ಜಿ ಈಗಿಲ್ಲ. ಅತ್ತೆಯೇ ಇಂದು ಹೊಸ ಹುಡುಗಿಯರನ್ನು ಹಡಗು ಹತ್ತಿಸುತ್ತಾಳೆ. ಮನೆಯವರನ್ನು ಒಳಗೆ ಬಿಡುವ ರೂಢಿ ನಿಂತುಹೋಗಿದೆ ಅನ್ನುತ್ತಾಳೆ. ನಾನು ಶಿಕ್ಷಕಿಯಾದೆ. ಹೋದ ವರ್ಷ ಗುರುತು ಪರಿಚಯವಿಲ್ಲದ ದೂರದ ಊರಿಗೆ ವರ್ಗವಾದಾಗ ಮನೆಯವರೆಲ್ಲ ಲೊಕೇಶನ್ ಕಳಿಸು ಎಂದರು. ಕಳಿಸಿದೆ. ಒಬ್ಬೊಬ್ಬರಾಗಿ ಹೆಬ್ಬೆರಳಿನ ಚಿತ್ರ ಒತ್ತಿದರು. ಬಾಡಿಗೆ ಕೋಣೆಯ ಚಿಲಕವನ್ನು ನಾನೇ ಮೂರು ಸಲ ಹಾಕಿ ತೆಗೆದೆ. ನೋಡಲು ಯಾರೂ ಬರಲಿಲ್ಲ.