ಜೋಗಪ್ಪನ ಕಟ್ಟೆಯೂ ನೀಲಿ ನೀರೂ

ಕುರುಗೋಡಿನ ನಮ್ಮ ಓಣಿಯ ಜೋಗಪ್ಪನಿಗೆ ಎರಡು ಆಸ್ತಿ: ಮಗ ಹುಲುಗೇಶ ಮತ್ತು ಮನೆ ಮುಂದಿನ ಕಟ್ಟೆ. ಯಾವುದು ಹೆಚ್ಚು ಎಂದು ಕೇಳಿದರೆ, ಮಗ ಹತ್ತಿರದಲ್ಲಿದ್ದಾನೋ ಇಲ್ಲವೋ ನೋಡಿಕೊಂಡು ಉತ್ತರ ಹೇಳುತ್ತಿದ್ದ.

ಹರೆಯವನ್ನೆಲ್ಲ ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊತ್ತು ಕಳೆದವನು. ಅವನು ಹೊತ್ತ ಅಕ್ಕಿಯನ್ನು ಒಂದೇ ಕಡೆ ಸುರಿದಿದ್ದರೆ ನಮ್ಮೂರ ಬೆಟ್ಟ ಅದರ ಪಕ್ಕದಲ್ಲಿ ಅಕ್ಕಿಯೊಳಗಿನ ಹರಳಿನಂತೆ ಕಾಣುತ್ತಿತ್ತು. ಬೆನ್ನು ಇನ್ನು ಸಾಕೆಂದಾಗ ಊರಿಗೆ ಬಂದು, ಮನೆ ಮುಂದಿನ ಗಟಾರದ ಮೇಲೆ ದೊಡ್ಡದೊಂದು ಬಂಡೆ ಹಾಸಿದ. ಅದು ಅಲುಗಾಡದಿರಲೆಂದು ಗಟಾರದೊಳಗೇ ಕಲ್ಲುಕಂಬ ನಿಲ್ಲಿಸಿ ಸಿಮೆಂಟು ಮೆತ್ತಿದ. ಗಟಾರ ಸರ್ಕಾರದ್ದು, ನಿಜ. ಆದರೆ ನಮ್ಮ ಕಡೆ ಗಟಾರದ ಮೇಲೆ ಕಟ್ಟೆಯಿಲ್ಲದ ಮನೆಗೆ ಹೆಣ್ಣು ಕೊಡಲೂ ಜನ ಹಿಂದೆ ಮುಂದೆ ನೋಡುತ್ತಾರೆ.

ಬೆಳಗಾದರೆ ನಾವು ನಾಲ್ಕಾರು ಮುದುಕರು ಅಲ್ಲೇ. ಬೇಸಿಗೆಯಲ್ಲಿ ಓಣಿಯ ನೆರಳುಗಳೂ ಬಿಸಿಲು ತಾಳಲಾರದೆ ಆ ಕಟ್ಟೆಯ ಕೆಳಗೆ ಬಂದು ಮಲಗುತ್ತಿದ್ದವು. ಹೆಂಡತಿ ತೀರಿಹೋದ ಮೇಲಂತೂ ಜೋಗಪ್ಪನಿಗೆ ಉಂಡರೆ ಕಟ್ಟೆ, ನೊಂದರೆ ಕಟ್ಟೆ.

ಎದುರಿಗೆ, ಸ್ವಲ್ಪ ತಗ್ಗಿನಲ್ಲಿ, ಅಕ್ಕನಾಗಮ್ಮನ ಮನೆ. ಮಳೆ ಬಂದರೆ ನೀರು ನೇರ ಒಳಗೆ. ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಪೇರಿಸಿ ಪೇರಿಸಿ, ಅವಳು ಮಲಗಿದರೆ ಮೂಗು ಜಂತಿಗೆ ತಾಗುತ್ತಿತ್ತು. ಹೊಸಿಲಲ್ಲಿ ನಿಂತು ಸರ್ಕಾರವನ್ನು ಬಯ್ಯುತ್ತಿದ್ದಳು. ಕಟ್ಟೆಯ ಮೇಲಿಂದ ಜೋಗಪ್ಪನೂ ದನಿಗೂಡಿಸುತ್ತಿದ್ದ.

ಹುಲುಗೇಶನಿಗೆ ಬಳ್ಳಾರಿಯ ಯೋಜನಾ ಕಚೇರಿಯೊಂದರಲ್ಲಿ ಗುತ್ತಿಗೆ ಕೆಲಸ. ಅಲ್ಲಿಗೆ ಹೊಸದೊಂದು ಸಾಫ್ಟ್‌ವೇರ್ ಬಂತು. ಊರಿನ ಏರುತಗ್ಗು, ರಸ್ತೆ, ಗಟಾರ, ಮನೆ, ಮಳೆ ಎಲ್ಲವನ್ನೂ ಒಟ್ಟಿಗೆ ಅದಕ್ಕೆ ಉಣಿಸಿದರೆ, ನೀರು ಎಲ್ಲಿ ನಿಲ್ಲುತ್ತದೆಂದು ನೀಲಿ ಬಣ್ಣದಲ್ಲಿ ತೋರಿಸುತ್ತದೆ. ಯಾವ ಓಣಿ ಹೆಚ್ಚು ನೀಲಿಯೋ ಆ ಓಣಿಯ ಗಟಾರ ಈ ವರ್ಷ ದುರಸ್ತಿ. ಅದಕ್ಕೆ ನಮ್ಮೂರಿನ ವಿವರ ತುಂಬುವ ಕೆಲಸ ಹುಲುಗೇಶನ ಪಾಲಿಗೆ ಬಂತು.

"ಕಂಪ್ಯೂಟರ್ ಪ್ರಕಾರ ನಿನ್ನ ಮನಿಗೆ ನೀರು ಬರಂಗಿಲ್ಲ, ಅತ್ತಿ" ಎಂದ ಅಕ್ಕನಾಗಮ್ಮನಿಗೆ.

"ಹಂಗಾದ್ರ ಅದನ್ನ ಮಳ್ಯಾಗ ಒಂದಿನ ನಮ್ಮನ್ಯಾಗ ಮಲಗಿಸಪ. ಬೆಳಿಗ್ಗೆ ತೇಲಿಕೋತ ಬಳ್ಳಾರಿಗೆ ಹೋಗ್ತೈತಿ."

ಹುಲುಗೇಶ ತಲೆ ಕೆರೆದುಕೊಂಡ. ನಕ್ಷೆಯಲ್ಲಿ ಗಟಾರ ಇತ್ತು, ಗಟಾರದ ಮೇಲಿನ ಕಟ್ಟೆಗಳು ಇರಲಿಲ್ಲ. ಟೇಪು ಹಿಡಿದು ಓಣಿಯ ಕಟ್ಟೆಗಳನ್ನೆಲ್ಲ ಅಳೆದ. ತನ್ನ ಮನೆ ಬಂದಾಗ ಟೇಪು ಸುತ್ತಿಕೊಂಡು ಒಳಗೆ ಹೋದ. ಉಳಿದವೆಲ್ಲ ಬರೀ ಹಾಸುಬಂಡೆ, ಕೆಳಗೆ ನೀರು ಸಲೀಸಾಗಿ ಹರಿಯುತ್ತದೆ. ಹಾಗಾಗಿ ಅಕ್ಕನಾಗಮ್ಮನ ಮನೆ ಪರದೆಯ ಮೇಲೆ ಒಣಗಿಯೇ ಉಳಿಯಿತು. ಸೋಮವಾರ ಲೆಕ್ಕ ಒಪ್ಪಿಸಬೇಕು. ಅಪ್ಪನ ಕಟ್ಟೆ ಸೇರಿಸಿದರೆ ಅದನ್ನು ಒಡೆಯುತ್ತಾರೆ. ಸೇರಿಸದಿದ್ದರೆ ಅಕ್ಕನಾಗಮ್ಮ ಇಟ್ಟಿಗೆ ಪೇರಿಸುತ್ತಲೇ ಇರಬೇಕು.

ಭಾನುವಾರ ಲ್ಯಾಪ್‌ಟಾಪನ್ನು ಕಟ್ಟೆಯ ಮೇಲೆಯೇ ತಂದಿಟ್ಟ.

"ಯಪ್ಪಾ, ಇದು ನಮ್ಮ ಓಣಿ."

ಜೋಗಪ್ಪ ಕನ್ನಡಕ ಏರಿಸಿದ. "ನನ್ನ ಕಟ್ಟಿ ಎಲ್ಲೈತಿ?"

"ಇನ್ನಾ ಹಾಕಿಲ್ಲ."

"ಕಟ್ಟಿ ಇಲ್ದಿದ್ರ ಅದ್ಯಾವ ಸೀಮಿ ಓಣಿ. ಹಾಕು ಲೇ. ಕಂಬನೂ ಹಾಕು, ಗಟ್ಟಿ ಕಂಬ ಅದು."

ಮಗ ಹಾಕಿದ. ಮಳೆ ಸುರಿಸಿದ. ನೀಲಿ ನೀರು ಗಟಾರದಲ್ಲಿ ಬಂದು ಕಂಬಕ್ಕೆ ಹಾಯ್ದು ನಿಂತು, ಉಕ್ಕಿ ರಸ್ತೆ ದಾಟಿ, ನೆಂಟರ ಮನೆಗೆ ಹೋಗುವಂತೆ ಅಕ್ಕನಾಗಮ್ಮನ ಹೊಸಿಲು ಹೊಕ್ಕಿತು.

"ತೆಗಿ" ಎಂದ ಜೋಗಪ್ಪ.

ತೆಗೆದ. ನೀರು ನೆಟ್ಟಗೆ ಹಳ್ಳಕ್ಕೆ ಹೋಯಿತು.

"ಹಾಕು."

ಮತ್ತೆ ಹೊಸಿಲು ಹೊಕ್ಕಿತು.

"ಮಳಿ ಒಂದೀಟು ಕಮ್ಮಿ ಮಾಡು."

ಕಮ್ಮಿ ಮಾಡಿದ. ನೀರು ಅವಸರವಿಲ್ಲದೆ ಅಲ್ಲಿಗೇ ಹೋಯಿತು.

"ಅದಕ್ಕ ಒಂದು ಚಾ ಕುಡಿಸಿ ನೋಡ್ರಪ" ಎಂದೆ ನಾನು. ಯಾರೂ ನಗಲಿಲ್ಲ.

ಜೋಗಪ್ಪ ಬಂಡೆಯನ್ನು ಅಂಗೈಯಿಂದ ಸವರುತ್ತ ಕೂತ. "ಅಕಿ ಬೈದಾಗೆಲ್ಲ ನಾನೂ ಸರ್ಕಾರಕ್ಕ ಬೈದೀನಲೇ" ಎಂದ.

"ನಿನಗೇನು ಗೊತ್ತಿತ್ತಪ್ಪಾ."

"ಈಗ ಗೊತ್ತಾತಲ್ಲ. ಕಂಬ ಸಮೇತ ಕಳಸು."

ಮಗ ಕಳಿಸಿದ. ಓಣಿ ನೀಲಿಯಾಯಿತು, ಕೆಲಸ ಮಂಜೂರಾಯಿತು. ಕೆಲಸದವರು ಬಂದಾಗ ಯಾವ ಕಡೆಯಿಂದ ಶುರು ಮಾಡುವುದೆಂದು ಕೇಳಿದರು. ಜೋಗಪ್ಪ ತಾನೇ ಎದ್ದು ಕಟ್ಟೆ ತೋರಿಸಿದ. ಆ ಬಂಡೆ ಬಿದ್ದ ಸದ್ದಿಗೆ ಅಷ್ಟು ದೂರದ ಮೋಕಾ ಊರಿನಲ್ಲಿ ಎಮ್ಮೆಗಳು ಬೆದರಿ ಓಡಿದವಂತೆ. ಜೋಗಪ್ಪ ಮಾತ್ರ ಅತ್ತ ತಿರುಗಲಿಲ್ಲ.

ಮೊದಲ ದೊಡ್ಡ ಮಳೆಗೆ ಅಕ್ಕನಾಗಮ್ಮ ಪೊರಕೆ ಹಿಡಿದು ಹೊಸಿಲಲ್ಲಿ ಕಾದಳು. ನೀರು ಬರಲಿಲ್ಲ. ಬಯ್ಯಲು ಯಾರೂ ಇಲ್ಲದೆ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಜೋಗಪ್ಪ ಎಂದಿನಂತೆ ಹೊರಗೆ ಬಂದು, ಕೂರಲು ಜಾಗವಿಲ್ಲದೆ, ಲಾರಿ ತಪ್ಪಿದ ಮೂಟೆಯ ಹಾಗೆ ರಸ್ತೆಯಲ್ಲಿ ನಿಂತಿದ್ದ. ಅಕ್ಕನಾಗಮ್ಮ ಸೆರಗು ಬಿಗಿದು, ಮನೆಯೊಳಗಿಂದ ಇಟ್ಟಿಗೆ ತಂದು ತಂದು ತನ್ನ ಗೋಡೆಯ ನೆರಳಲ್ಲಿ ಜೋಡಿಸಿದಳು. ಮೇಲೊಂದು ಗೋಣಿಚೀಲ ಹಾಸಿದಳು.

"ಬಾ ಜೋಗಣ್ಣ, ಕುಂದ್ರು. ಮಂಚ ಕೆಳಗ ಇಳಿಸೀನಿ, ಇವಕ್ಕಿನ್ನ ಕೆಲಸ ಇಲ್ಲ. ಗಟಾರದಿಂದ ದೂರನ ಹಾಕೀನಿ ನೋಡು."

ಜೋಗಪ್ಪ ನನ್ನ ಕಡೆ ನೋಡಿದ. ನಾನು ಬೆಟ್ಟದ ಕಡೆ ನೋಡಿದೆ.

"ಅಲುಗಾಡ್ತಾವೇನು?" ಎಂದು ಕೇಳಿ, ಕೂತ.