ಉಗಿ ಏರುವಷ್ಟರಲ್ಲಿ ಇಂಗ್ಲಿಷ್

ಬೆಳಗಿನ ಐದೂ ಇಪ್ಪತ್ತು. ದೊಡ್ಡಾಸ್ಪತ್ರೆಯ ಹಿಂಬದಿಯ ಇಳಿಜಾರಿನ ಕೊನೆಯಲ್ಲಿ ಒಂದು ಕಬ್ಬಿಣದ ಬಾಗಿಲು. ದೂಡಿ ಒಳಗೆ ಹೋದರೆ ಸೋಪಿನ ವಾಸನೆ, ಒದ್ದೆ ಹತ್ತಿಬಟ್ಟೆಯ ವಾಸನೆ, ಮೂಲೆಯಲ್ಲಿ ಈಗಷ್ಟೇ ಹೊತ್ತಿಕೊಂಡ ಬಾಯ್ಲರಿನ ಗುರುಗುರು ಸದ್ದು. ಇದು ಆಸ್ಪತ್ರೆಯ ಲಾಂಡ್ರಿ. ಮೇಲಿನ ಆರು ಅಂತಸ್ತುಗಳ ರೋಗಿಗಳು ಮಲಗುವ ಹಾಸಿಗೆ ಬಟ್ಟೆಯೆಲ್ಲ ಇಲ್ಲಿಗೇ ಇಳಿದು, ಇಲ್ಲಿಂದಲೇ ಹತ್ತಬೇಕು.

ಹನ್ನೊಂದು ಜನ ಕೆಲಸಗಾರರು ಮಡಚಿಟ್ಟ ಕಂಬಳಿಗಳ ಮೇಲೆ, ಬೋರಲು ಹಾಕಿದ ಬಕೆಟ್‌ಗಳ ಮೇಲೆ ಕೂತಿದ್ದಾರೆ. ಎಲ್ಲರ ತೊಡೆಯ ಮೇಲೂ ಒಂದೊಂದು ನೋಟ್‌ಬುಕ್. ಕೆಟ್ಟು ನಿಂತ ಹಳೆಯ ಡ್ರೈಯರ್ ಒಂದರ ಬಾಗಿಲಿಗೆ ಕಪ್ಪು ಬಣ್ಣ ಬಳಿದಿದೆ. ಅದರ ಮುಂದೆ ಸೀಮೆಸುಣ್ಣ ಹಿಡಿದು ನಿಂತಿರುವವರು ಐವತ್ತೆರಡು ವರ್ಷದ, ಗಿಡ್ಡನೆಯ, ಗಟ್ಟಿ ದನಿಯ ಹೆಂಗಸು. ನೀಲಿ ಸಮವಸ್ತ್ರದ ತೋಳನ್ನು ಮೊಣಕೈವರೆಗೆ ಮಡಚಿದ್ದಾರೆ.

"ನೀರಿನ ಸ್ವಭಾವ ಏನು? ನೂರು ಡಿಗ್ರಿಗೆ ಏನು ಮಾಡುತ್ತೆ?"

"ವಾಟರ್ ಬಾಯ್ಲ್ಸ್!" ಹನ್ನೊಂದೂ ದನಿ ಒಟ್ಟಿಗೆ.

"ಸರಿ. ಈಗ, ಈ ಗಳಿಗೇಲಿ, ನಮ್ಮ ಬಾಯ್ಲರ್ ಒಳಗೆ ಏನಾಗ್ತಿದೆ?"

"ವಾಟರ್ ಈಸ್ ಬಾಯ್ಲಿಂಗ್!" ಹಿಂದಿನ ಬಕೆಟ್ ಮೇಲಿನವರು ಎಲ್ಲರಿಗಿಂತ ಮೊದಲು ಕೂಗುತ್ತಾರೆ.

ಮೇಡಮ್ಮು ಗೋಡೆಯ ಮೇಲೆ ಉಗಿಯ ಒತ್ತಡ ತೋರಿಸುವ ಗೇಜ್ ಕಡೆ ಕೈ ತೋರಿಸುತ್ತಾರೆ. ಮುಳ್ಳು ಸೊನ್ನೆ ಬಿಟ್ಟು ಕದಲಿಲ್ಲ. "ನೋಡಪ್ಪಾ, ಇನ್ನೂ ಎದ್ದೇ ಇಲ್ಲ ಅದು. ವ್ಯಾಕರಣ ಸರಿಯಾಗಿದೆ, ಆದ್ರೆ ಹೇಳಿದ್ದು ಸುಳ್ಳು. ಏನನ್ನಬೇಕಿತ್ತು?"

"ಈಸ್ ಗೆಟಿಂಗ್ ಹಾಟ್," ಎನ್ನುತ್ತದೆ ಮುಂದಿನ ಸಾಲಿನ ಮೆಲುದನಿಯೊಂದು. ನಗು ಏಳುತ್ತದೆ. ಪಾಠ ಮುಂದುವರಿಯುತ್ತದೆ.

ಬಾಯ್ಲರ್ ಹೊತ್ತಿಸಿದ ಮೇಲೆ ಯಂತ್ರಗಳಿಗೆ ಬೇಕಾದಷ್ಟು ಉಗಿ ಏರಲು ನಲವತ್ತು ನಿಮಿಷ ಬೇಕು. ಅಲ್ಲಿಯವರೆಗೆ ಯಾರಿಗೂ ಕೆಲಸವಿಲ್ಲ. ಮೊದಲೆಲ್ಲ ಆ ಹೊತ್ತು ಆಕಳಿಕೆಗೆ, ಹರಟೆಗೆ ಹೋಗುತ್ತಿತ್ತು. ಕಳೆದ ಹನ್ನೆರಡು ವರ್ಷಗಳಿಂದ ಇಂಗ್ಲಿಷಿಗೆ ಹೋಗುತ್ತಿದೆ. ದಿನಕ್ಕೆ ಐದು ಹೊಸ ಪದ, ಒಂದು ವಾಕ್ಯ, ಅಷ್ಟೇ. ಪದಗಳು ಬರುವುದೆಲ್ಲ ಯಂತ್ರಗಳಿಂದ, ವಿಜ್ಞಾನದಿಂದ. ಉಷ್ಣ, ಒತ್ತಡ, ಆವಿ, ವೇಗ, ವಿದ್ಯುತ್ತು. ಈ ಶಾಲೆ ನಡೆಸುವವರನ್ನು ಇಡೀ ಆಸ್ಪತ್ರೆ ಕರೆಯುವುದು 'ಅನ್‌ಲೆಸ್ ಅಕ್ಕ' ಎಂದು.

ಹೆಸರು ಹೇಗೆ ಬಂತು ಎಂದು ಕೇಳಿದರೆ ಅಕ್ಕ ಇಸ್ತ್ರಿ ಯಂತ್ರದ ಹತ್ತಿರ ನಿಂತ ತನ್ನ ಓರಗಿತ್ತಿಯ ಕಡೆ ನೋಡುತ್ತಾರೆ. ಮೈದುನನ ಹೆಂಡತಿಯಾದ ಆಕೆಯನ್ನು ಇಲ್ಲಿ ಎಲ್ಲರೂ ಚಿಕ್ಕಕ್ಕ ಎನ್ನುತ್ತಾರೆ. ಇಬ್ಬರದೂ ಒಂದೇ ಮನೆ, ಒಂದೇ ಪಾಳಿ, ಒಂದೇ ಬಸ್ಸು. ಚಿಕ್ಕಕ್ಕ ಎಡತೋಳನ್ನು ಮೇಲೆತ್ತಿ ತೋರಿಸುತ್ತಾರೆ. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ನಯವಾಗಿ, ಹೊಳಪಾಗಿ, ಬೇರೆ ಬಣ್ಣಕ್ಕೆ ತಿರುಗಿದೆ. "ಇದೇ ಹೆಸರಿಟ್ಟಿದ್ದು," ಎಂದು ನಗುತ್ತಾರೆ.

ಹದಿನಾಲ್ಕು ವರ್ಷದ ಹಿಂದಿನ ಮಾತು. ಉಗಿಯಿಂದ ಬಿಸಿಯಾಗುವ ದೊಡ್ಡ ಇಸ್ತ್ರಿ ಯಂತ್ರ ಆಗ ಹೊಸದಾಗಿ ಬಂದಿತ್ತು. ಅದರ ಕೆಳಗಿನ ವಾಲ್ವಿನ ಪಕ್ಕ ಕೆಂಪಕ್ಷರದ ಒಂದು ಫಲಕ: 'ಡು ನಾಟ್ ಓಪನ್ ದಿಸ್ ವಾಲ್ವ್ ಅನ್‌ಲೆಸ್ ದ ಗೇಜ್ ರೀಡ್ಸ್ ಝೀರೋ.' ನೀರು ಕಟ್ಟಿಕೊಂಡಂತಾಗಿ ವಾಲ್ವ್ ತೆಗೆಯಬೇಕಾಗಿ ಬಂದಾಗ ಚಿಕ್ಕಕ್ಕ ಕೇಳಿದರು: "ಅಕ್ಕಾ, ಏನು ಬರೆದಿದೆ ನೋಡು ಇಲ್ಲಿ."

ಅಕ್ಕ ಓದಿದ್ದು ಏಳನೇ ತರಗತಿ. ಆದರೂ ಲಾಂಡ್ರಿಯ ಹೆಂಗಸರಲ್ಲಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲವರು ಅವರೊಬ್ಬರೇ. "ಡು ನಾಟ್ ಗೊತ್ತಿತ್ತು, ಓಪನ್ ಗೊತ್ತಿತ್ತು, ಝೀರೋ ಗೊತ್ತಿತ್ತು. ನಡುವೆ ಇದ್ದ ಸಣ್ಣ ಪದ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ಮನಸ್ಸು ಬರಲಿಲ್ಲ ನೋಡಿ. ಓದಿದೋಳು ಅನ್ನೋ ಜಂಬ. 'ಸೊನ್ನೆ ಇದ್ದಾಗ ತೆಗೀಬೇಡ ಅಂತಿದೆ ಕಣೇ' ಅಂದುಬಿಟ್ಟೆ."

ಮುಳ್ಳು ಮೂರರಲ್ಲಿತ್ತು. ಸೊನ್ನೆಯಲ್ಲವಲ್ಲ ಎಂದು ಚಿಕ್ಕಕ್ಕ ವಾಲ್ವ್ ತಿರುಗಿಸಿದರು.

ಉಗಿ ಹೊಡೆದು ಸುಟ್ಟ ತೋಳಿನೊಂದಿಗೆ ಹತ್ತೊಂಬತ್ತು ದಿನ ಚಿಕ್ಕಕ್ಕ ಅದೇ ಆಸ್ಪತ್ರೆಯ ನಾಲ್ಕನೇ ಅಂತಸ್ತಿನಲ್ಲಿ ಮಲಗಿದರು. "ಅವಳ ಹಾಸಿಗೆಗೆ ಹೋಗೋ ಬೆಡ್‌ಶೀಟ್ ನಾನೇ ತೊಳೆದು, ನಾನೇ ಮಡಚಿ ಕಳಿಸ್ತಿದ್ದೆ. ಇನ್ನೇನು ಮಾಡೋಕೆ ಬರ್ತಿತ್ತು ನನಗೆ?" ವಿಚಾರಣೆಗೆ ಬಂದವರು, ತೆಗೆಯಲು ಹೇಳಿದ್ದು ಯಾರೆಂದು ಕೇಳಿದಾಗ ಚಿಕ್ಕಕ್ಕ, ನಾನೇ ನೋಡದೆ ತೆಗೆದೆ ಎಂದು ಬರೆಸಿದ್ದರು.

ಅಷ್ಟು ಹೊತ್ತಿಗೂ ಅಕ್ಕನಿಗೆ ತಾನು ಓದಿದ್ದರಲ್ಲೇ ತಪ್ಪಿದೆಯೆಂದು ಖಚಿತವಿರಲಿಲ್ಲ. ಒಳಗೊಳಗೇ ಕೊರೆಯುತ್ತಿತ್ತು. ಫಲಕದ ಮುಂದೆ ಕೂತು ಒಂದೊಂದೇ ಅಕ್ಷರ ಚೀಟಿಯಲ್ಲಿ ಇಳಿಸಿಕೊಂಡು, ಓರಗಿತ್ತಿಯ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ನರ್ಸಮ್ಮನ ಹತ್ತಿರ ಹೋದರು. ನರ್ಸಮ್ಮ ಓದಿ ಹೇಳಿದರು: "ಅನ್‌ಲೆಸ್ ಅಂದ್ರೆ 'ಹೊರತು' ಅಮ್ಮ. ಮುಳ್ಳು ಸೊನ್ನೆಗೆ ಬಂದ ಹೊರತು ತೆಗೀಬೇಡಿ ಅಂತ."

"ಮೆಟ್ಟಿಲ ಮೇಲೆ ಕೂತುಬಿಟ್ಟೆ," ಎನ್ನುತ್ತಾರೆ ಅಕ್ಕ. "ಆರೇ ಅಕ್ಷರ. ಇಡೀ ಮಾತನ್ನ ತಲೆಕೆಳಗು ಮಾಡಿಬಿಡ್ತು."

ಅಲ್ಲಿಂದ ಎದ್ದು ನೇರ ಮೇಲ್ವಿಚಾರಕರ ಕೋಣೆಗೆ ಹೋಗಿ, ತಪ್ಪು ಓದಿ ಹೇಳಿದ್ದು ನಾನು, ಅವಳದೇನೂ ತಪ್ಪಿಲ್ಲ ಎಂದು ಹೇಳಿದರು. ಆಮೇಲೆ ನಾಲ್ಕನೇ ಅಂತಸ್ತಿಗೆ ಹತ್ತಿದರು. ಚಿಕ್ಕಕ್ಕನ ಉತ್ತರವನ್ನು ಇಬ್ಬರೂ ಒಂದೇ ಥರ ನೆನಪಿಟ್ಟುಕೊಂಡಿದ್ದಾರೆ: "ಅಳಬೇಡ ಬಿಡಕ್ಕಾ. ನಿನಗೆ ಬರಲ್ಲ, ನನಗೂ ಬರಲ್ಲ. ಮೊದಲು ನೀನು ಕಲಿ, ಆಮೇಲೆ ನನಗೆ ಹೇಳ್ಕೊಡು. ಈ ಕೈಗೆ ಅಷ್ಟಾದ್ರೂ ಮಾಡು."

ಕಲಿಯುವುದು ಹೇಳಿದಷ್ಟು ಸುಲಭವಿರಲಿಲ್ಲ. ಪೇಟೆಯಿಂದ ತಂದ ವ್ಯಾಕರಣದ ಪುಸ್ತಕ ಒಂದು ತಿಂಗಳಲ್ಲಿ ಕೈಕೊಟ್ಟಿತು. "ಅದರಲ್ಲಿ ಎಲ್ಲರೂ ಮಾರ್ಕೆಟ್‌ಗೆ ಹೋಗ್ತಾನೇ ಇರ್ತಾರೆ, ಒಬ್ಬರೂ ವಾಪಸ್ ಬರಲ್ಲ. ನನ್ನ ವಾಲ್ವಿನ ಸುದ್ದಿನೇ ಇಲ್ಲ!" ಕೊನೆಗೆ ದಾರಿ ತೋರಿಸಿದ್ದು ಎಂಟನೇ ತರಗತಿಯಲ್ಲಿದ್ದ ಮಗಳ ವಿಜ್ಞಾನದ ಪುಸ್ತಕ. ಉಷ್ಣದ ಪಾಠ ತೆರೆದರೆ ಕೆಟಲ್ ಚಿತ್ರ, ಅದರ ಮೂತಿಯಿಂದ ಉಗಿ, ಪಕ್ಕದಲ್ಲೊಂದು ಚಿಕ್ಕ ವಾಕ್ಯ: 'ಸ್ಟೀಮ್ ರೈಸಸ್.' ಆಗಲೇ ಹನ್ನೆರಡು ವರ್ಷ ಉಗಿಯ ಜೊತೆ ಬಾಳಿದ್ದವರಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. "ವಿಷಯ ನನಗೆ ಗೊತ್ತಿತ್ತು, ಮಾತು ಗೊತ್ತಿರಲಿಲ್ಲ. ಗೊತ್ತಿರೋ ವಿಷಯದ ಕೈ ಹಿಡ್ಕೊಂಡು ಮಾತಿನ ಮನೆಗೆ ಹೋದೆ."

ಮಗಳು ಬರೆದು ಮುಗಿಸಿದ ನೋಟ್‌ಬುಕ್‌ಗಳ ಖಾಲಿ ಹಾಳೆಗಳಲ್ಲಿ ಅಮ್ಮನ ಪದಗಳು ತುಂಬತೊಡಗಿದವು. ಮಧ್ಯಾಹ್ನ ಪಾಳಿ ಮುಗಿದ ಮೇಲೆ ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಓದು. ಎರಡು ವರ್ಷಕ್ಕೆ ಲಾಂಡ್ರಿಯ ಮೂವತ್ತೆಂಟು ಫಲಕಗಳೂ ಬಾಯಿಗೆ ಬಂದವು. ಆಮೇಲೆ ಶುರುವಾದದ್ದು ಈ ನಲವತ್ತು ನಿಮಿಷದ ಶಾಲೆ. ಮೊದಲ ವರ್ಷ ವಿದ್ಯಾರ್ಥಿನಿ ಒಬ್ಬರೇ, ಚಿಕ್ಕಕ್ಕ. ಯಾರು ಯಾವ ಯಂತ್ರ ಮುಟ್ಟಿದರೂ "ಅನ್‌ಲೆಸ್ ನೋಡಿದ್ಯಾ?" ಎಂದು ಕೇಳುತ್ತಿದ್ದ ಅಕ್ಕನಿಗೆ ಬಾಯ್ಲರ್ ಆಪರೇಟರ್ ಅಣಕಿಸಿ ಇಟ್ಟ ಹೆಸರು ಅನ್‌ಲೆಸ್ ಅಕ್ಕ. ಅದೇ ಆಪರೇಟರ್ ಈಗ ಬೋರಲು ಬಕೆಟ್ ಮೇಲೆ ಕೂತು, ಎಲ್ಲರಿಗಿಂತ ಮೊದಲು ತಪ್ಪು ಉತ್ತರ ಕೂಗುವವರು.

ಅಕ್ಕನ ಪಾಠಕ್ಕೆ ಅದರದೇ ದಾರಿಯಿದೆ. ಪದಗಳನ್ನು ಸಂಸಾರ ಹೂಡಿಸಿ ಕಲಿಸುತ್ತಾರೆ. ಪ್ರೆಸ್, ಪ್ರೆಶರ್, ಕಂಪ್ರೆಸ್ ಮೂವರೂ ಒಂದೇ ಮನೆಯ ಮಕ್ಕಳು. ಹಾಗಾದರೆ ಡಿಪ್ರೆಶನ್ ಯಾರು ಎಂದು ಯಾರೋ ಕೇಳಿದರೆ, "ಅದೂ ಆ ಮನೇದೇ. ಎಲ್ಲರೂ ಸೇರಿ ಒತ್ತಿ ಒತ್ತಿ ಹಾಗಾಗಿದೆ ಪಾಪ" ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಕ್ರಿಯಾಪದ ಮನೆಯ ಯಜಮಾನಿಯಂತೆ ಕೊನೆಯಲ್ಲಿ ಊಟಕ್ಕೆ ಕೂರುತ್ತದಂತೆ. ಇಂಗ್ಲಿಷಿನಲ್ಲಿ ಎಲ್ಲರ ನಡುವೆ ತಟ್ಟೆ ಹಾಕಿಕೊಂಡು ಕೂತುಬಿಡುತ್ತದಂತೆ.

ಪತ್ರಿಕೆಗೆ ಬರೆಯಲೆಂದು ನಾನು ಹೋದ ಎರಡನೆಯ ದಿನ ಕರ್ಮಣಿ ಪ್ರಯೋಗದ ಪಾಠ. ಕಪ್ಪು ಬಾಗಿಲ ಮೇಲೆ 'ದ ಶೀಟ್ಸ್ ಆರ್ ವಾಷ್ಡ್' ಎಂದು ಬರೆದು ಅಕ್ಕ ತಿರುಗಿದರು.

"ಬೆಡ್‌ಶೀಟುಗಳು ತೊಳೆಯಲ್ಪಡುತ್ತವೆ. ಸರಿ. ತೊಳೆದೋರು ಯಾರು?"

"ಹೇಳಿಲ್ಲ ಅದರಲ್ಲಿ," ಎಂದರು ಒಬ್ಬರು.

"ಹೇಳಲ್ಲ. ಮ್ಯಾನುಯಲ್ ಪುಸ್ತಕದವರು ಹಂಗೇ ಬರೆಯೋದು. ಅವರಿಗೆ ಅದು ಬೇಕಿಲ್ಲ. ಹೇಳಬೇಕು ಅಂತಿದ್ರೆ ಕೊನೇಲಿ 'ಬೈ' ಹಾಕಬೇಕು. ಹಾಕಿ ನೋಡೋಣ."

ಹನ್ನೊಂದು ತಲೆ ಬಗ್ಗಿದವು. ಸ್ವಲ್ಪ ಹೊತ್ತು ಪೆನ್ನಿನ ಸದ್ದು, ಬಾಯ್ಲರಿನ ಸದ್ದು. ಆಮೇಲೆ ಒಟ್ಟಿಗೆ ಓದಿದರು: "ದ ಶೀಟ್ಸ್ ಆರ್ ವಾಷ್ಡ್ ಬೈ ಅಸ್." ಅಷ್ಟರಲ್ಲಿ ಗೇಜಿನ ಮುಳ್ಳು ಏಳಕ್ಕೆ ಬಂತು. ನೋಟ್‌ಬುಕ್‌ಗಳು ಕಪಾಟು ಸೇರಿದವು. ಆ ದಿನ ತೊಳೆಯಲು ಸಾವಿರದ ನಾನೂರು ಬೆಡ್‌ಶೀಟು, ಒಂಬೈನೂರು ದಿಂಬಿನ ಕವರು, ಶಸ್ತ್ರಚಿಕಿತ್ಸೆ ಕೋಣೆಯ ಮುನ್ನೂರು ಗೌನು ಕಾದಿದ್ದವು.

ಎರಡು ವರ್ಷದ ಹಿಂದೆ ಈ ಶಾಲೆಗೆ ನಿಜವಾದ ಪರೀಕ್ಷೆ ಎದುರಾಯಿತು. ಹಳೆಯ ಯಂತ್ರಗಳ ಬದಲಿಗೆ ಪರದೆ ಮುಟ್ಟಿ ನಡೆಸುವ ನಾಲ್ಕು ಹೊಸ ಯಂತ್ರಗಳು ಬಂದವು. ಪರದೆಯ ಮೇಲೆ ಬರುವುದೆಲ್ಲ ಇಂಗ್ಲಿಷ್. ಓದಲು ಬರದವರನ್ನು ಬಟ್ಟೆಯ ಗಂಟು ಹೊರುವ ಕೆಲಸಕ್ಕೆ ಹಾಕಿ, ಯಂತ್ರಗಳಿಗೆ ಹೊರಗಿನವರನ್ನು ತರುವುದೆಂದು ಆಡಳಿತ ತೀರ್ಮಾನಿಸಿತ್ತು. ಇಲ್ಲಿ ಬಹುತೇಕರಿಗೆ ನಲವತ್ತು ದಾಟಿದೆ, ಮಂಡಿ ನೋವಿದೆ. ಆರು ಅಂತಸ್ತಿಗೆ ಗಂಟು ಹೊರುವುದೆಂದರೆ ಕೆಲಸ ಬಿಡಿ ಎಂದಂತೆಯೇ.

ಅಕ್ಕ ಮೇಲ್ವಿಚಾರಕರ ಮುಂದೆ ನಿಂತರು. "ಒಂದು ಪರೀಕ್ಷೆ ಇಡಿ ಸರ್. ಇಂಗ್ಲಿಷಲ್ಲೇ ಇಡಿ. ಬರೀತೀವಿ. ಬರಲಿಲ್ಲ ಅಂದ್ರೆ ನಾವೇ ಗಂಟು ಎತ್ಕೋತೀವಿ."

ಮೂರು ವಾರದ ಗಡುವು ಸಿಕ್ಕಿತು. ಯಂತ್ರದ ಜೊತೆ ಬಂದ ಪುಸ್ತಕ ಇನ್ನೂರ ಹನ್ನೆರಡು ಪುಟ. ಅದನ್ನು ಹನ್ನೊಂದು ಪಾಲು ಮಾಡಿ ಹಂಚಿಕೊಂಡರು. ತಮ್ಮ ತಮ್ಮ ಪಾಲು ಓದಿಕೊಂಡು ಬಂದು ಉಳಿದವರಿಗೆ ಹೇಳಬೇಕು. ಬಾಯ್ಲರ್ ಆಪರೇಟರಿಗೆ ಬಂದದ್ದು ನೀರಿನ ಮಟ್ಟ ಅಳೆಯುವ ಸೆನ್ಸರಿನ ಅಧ್ಯಾಯ. "ಹೆಂಡತಿ ಮಾತು ಕೇಳಿಸ್ತಿರಲಿಲ್ಲ ನನಗೆ ಆ ಮೂರು ವಾರ," ಎನ್ನುತ್ತಾರೆ ಅವರು. "ಅವಳು ಏನು ಕೇಳಿದ್ರೂ 'ವಾಟರ್ ಲೆವೆಲ್ ಈಸ್ ಲೋ' ಅಂತಿದ್ದೆ. ಕೊಡದಲ್ಲಿ ನೀರು ತರಿಸಿಬಿಟ್ಳು ನನ್ನ ಕೈಲಿ."

ಕಂಪನಿಯ ಇಂಜಿನಿಯರ್ ಇಪ್ಪತ್ತು ಪ್ರಶ್ನೆ ಕೊಟ್ಟರು. ಅಕ್ಕನೂ ಸೇರಿ ಹನ್ನೆರಡು ಜನ ಊಟದ ಕೋಣೆಯ ಮೇಜುಗಳಲ್ಲಿ ಕೂತು ಬರೆದರು. ಹನ್ನೊಂದು ಜನ ಪಾಸಾದರು. ನಪಾಸಾದ ಒಬ್ಬರು ಮರುತಿಂಗಳು ಮತ್ತೆ ಬರೆದು ಪಾಸಾದರು. ಯಾರೂ ಗಂಟು ಹೊರಲಿಲ್ಲ.

ಎಲ್ಲರಿಗಿಂತ ಹೆಚ್ಚು ಬಂದದ್ದು ಚಿಕ್ಕಕ್ಕನಿಗೆ, ಹದಿನೆಂಟು. ಅಕ್ಕನಿಗೆ ಹದಿನೈದು. ಸರಿಯಾಗಿ ಬರೆದದ್ದನ್ನೂ ಅನುಮಾನಪಟ್ಟು ಹೊಡೆದುಹಾಕಿ ಮೂರು ಕಳೆದುಕೊಂಡರು. "ಈಗ ಮನೇಲಿ ನನ್ನ ಮಾತು ನಡೆಯಲ್ಲ," ಎಂದು ಅಕ್ಕ ದೂರುತ್ತಾರೆ, ಮುಖದ ತುಂಬ ನಗುವಿಟ್ಟುಕೊಂಡು. "ಏನು ಹೇಳಿದ್ರೂ 'ಹದಿನೈದು ತಗೊಂಡೋರು ಸುಮ್ನಿರಿ' ಅಂತಾಳೆ. ನನ್ನ ಗಂಡ, ಮೈದುನ, ಮಗಳು ಎಲ್ಲ ಅವಳ ಕಡೆ. ಹೇಳ್ಕೊಟ್ಟೋಳಿಗಿಂತ ಜಾಸ್ತಿ ತಗೊಂಡ್ಲಲ್ಲ, ಅವತ್ತು ನನ್ನ ಎದೆ ಮೇಲಿಂದ ಒಂದು ಕಲ್ಲು ಇಳೀತು. ಅದನ್ನ ಅವಳಿಗೆ ಹೇಳಿಲ್ಲ. ನೀವು ಪೇಪರಲ್ಲಿ ಹಾಕಿದ್ರೆ ಓದ್ಕೋತಾಳೆ."

ಮೇಲ್ವಿಚಾರಕರು ಮಿತಭಾಷಿ. ರಿಜಿಸ್ಟರ್ ತೆರೆದು ತೋರಿಸಿದರು. ಮೊದಲು ತಿಂಗಳಿಗೆ ಏಳೆಂಟು ಸಲ ಯಂತ್ರ ನಿಂತು ಇಂಜಿನಿಯರಿಗೆ ಕಾಯಬೇಕಿತ್ತು. ಈಗ ಒಂದೋ ಎರಡೋ ಸಲ. ಪರದೆಯ ಮೇಲೆ ಬಂದದ್ದನ್ನು ಓದಿ, ಫೋನಿನಲ್ಲೇ ಇಂಗ್ಲಿಷಿನಲ್ಲಿ ಹೇಳಿ, ಅಲ್ಲಿಂದ ಬಂದ ಸೂಚನೆಯಂತೆ ಇವರೇ ಸರಿಮಾಡುತ್ತಾರೆ. ಸುಟ್ಟಗಾಯದ ಕಾಲಮ್ಮಿನಲ್ಲಿ ಹದಿನಾಲ್ಕು ವರ್ಷದಿಂದ ಅಡ್ಡಗೆರೆ ಮಾತ್ರ. "ಆ ಗೆರೆ ಎಳೆಯೋದು ನಾನು. ಎಳೆಸೋದು ಆಯಮ್ಮ," ಎಂದು ರಿಜಿಸ್ಟರ್ ಮುಚ್ಚಿದರು.

ಕಳೆದ ತಿಂಗಳು ಆಸ್ಪತ್ರೆಯ ಅಡುಗೆಮನೆಯವರು ಆರು ಜನ ಲಾಂಡ್ರಿಗೆ ಬಂದಿದ್ದರು. ಅವರಲ್ಲಿಗೆ ದೊಡ್ಡ ಶೀತಲ ಕೋಣೆ ಬಂದಿದೆ. ಅದರ ಬಾಗಿಲ ಮೇಲೂ ಇಂಗ್ಲಿಷ್. ತಮಗೂ ಪಾಠ ಹೇಳಬೇಕೆಂದು ಕೇಳಿದ್ದಾರೆ. ಅಕ್ಕ ಒಂದು ತಿಂಗಳ ಸಮಯ ಕೇಳಿಕೊಂಡಿದ್ದಾರೆ.

"ಇಷ್ಟು ದಿನ ನಾನು ಹೇಳಿದ್ದೆಲ್ಲ ಬಿಸಿ ವಿಷಯ. ತಣ್ಣಗಿನದ್ದು ನನಗೆ ಗೊತ್ತಿಲ್ಲ. ಗೊತ್ತಿಲ್ಲದೇ ಇರೋದನ್ನ ಗೊತ್ತು ಅಂತ ಇನ್ನೊಂದ್ಸಲ ಹೇಳಲ್ಲ ನಾನು. ಕಲ್ತು ಆಮೇಲೆ ಹೋಗ್ತೀನಿ. ಅವರಿಗೊಂದಿಷ್ಟು ಹೇಳಿಕೊಟ್ಟು ರಿಟೈರ್ ಆದ್ರೆ ಸಾಕು."

ಮಧ್ಯಾಹ್ನ ಎರಡೂವರೆ. ಪಾಳಿ ಮುಗಿದಿದೆ. ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಚಿಕ್ಕಕ್ಕ ಚೀಲವನ್ನೇ ದಿಂಬು ಮಾಡಿಕೊಂಡು ಒರಗಿದ್ದಾರೆ. ಅಕ್ಕ ಕನ್ನಡಕ ಏರಿಸಿ, ಬಣ್ಣದ ಚಿತ್ರಗಳಿರುವ ಮಕ್ಕಳ ವಿಜ್ಞಾನದ ಪುಸ್ತಕ ತೆರೆಯುತ್ತಾರೆ. ನೀರಿನಲ್ಲಿ ತೇಲುವ ಮಂಜುಗಡ್ಡೆಯ ಚಿತ್ರ. ಕೆಳಗೆ ನಾಲ್ಕು ಸಾಲು. ಪದದ ಕೆಳಗೆ ಬೆರಳಿಟ್ಟುಕೊಂಡೇ ನನ್ನ ಕಡೆ ತಿರುಗುತ್ತಾರೆ.

"ಐಸು ಗಟ್ಟಿ ತಾನೇ? ಗಟ್ಟಿ ಇರೋದು ಮುಳುಗಬೇಕು. ಯಾಕೆ ತೇಲುತ್ತೆ, ನಿಮಗೆ ಗೊತ್ತಾ?"

"ಶಾಲೆಯಲ್ಲಿ ಓದಿದ್ದೆ, ಮರೆತುಹೋಗಿದೆ," ಎನ್ನುತ್ತೇನೆ ನಾನು. ಅಕ್ಕ ಮತ್ತೆ ಪುಸ್ತಕಕ್ಕೆ ಬಗ್ಗುತ್ತಾರೆ.

"ನನಗೂ ಗೊತ್ತಿಲ್ಲ. 'ಐಸ್ ಫ್ಲೋಟ್ಸ್ ಬಿಕಾಸ್' ಅನ್ನೋ ತನಕ ಬಂದಿದೀನಿ. ಬಸ್ ಬರೋದ್ರೊಳಗೆ ಮುಂದಿಂದು ಓದಿ ಹೇಳ್ತೀನಿ, ಕೂತ್ಕೊಳ್ಳಿ."