ಸಿರಿಲಣ್ಣನ ಸುಮ್ಮನಿರದ ಕೈ

ಎಲ್ಲರೂ ಪೆನ್ನು ಸಿಕ್ಕಿಸಿಕೊಳ್ಳುವ ಅಂಗಿಜೇಬಿನಲ್ಲಿ ಸಿರಿಲಣ್ಣ ಹಳದಿ ಹಿಡಿಯ ಒಂದು ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಿದ್ದರು. ಕರೆಂಟಿನ ಕೆಲಸದವರು ಇಟ್ಟುಕೊಳ್ಳುತ್ತಾರಲ್ಲ, ಅದೇ. ನಮ್ಮ ಮನೆಗೆ ಬಂದರೆ ಕೂರಿ ಎಂದರೆ ಕೂರುವವರಲ್ಲ. ಬಾಯಿ "ಮಕ್ಕಳು ಎಂತ ಓದುವುದು ಈಗ" ಎಂದು ಕೇಳುತ್ತಿದ್ದರೆ ಕಣ್ಣು ಗೋಡೆಯ ಮೇಲೆಲ್ಲ ಓಡುತ್ತಿತ್ತು. ಸ್ವಿಚ್ಚಿನ ಸ್ಕ್ರೂ ಸಡಿಲ, ಕ್ಯಾಲೆಂಡರ್ ವಾರೆ, ಕಿಟಕಿಯ ಕೊಂಡಿ ಜೋತಾಡುತ್ತದೆ. ನಾನು ಒಳಗೆ ಹೋಗಿ ಚಾ ತರುವುದರೊಳಗೆ ಅದೆಲ್ಲ ಸರಿಯಾಗಿರುತ್ತಿತ್ತು. ಇವರು ಏನೂ ಅರಿಯದವರ ಹಾಗೆ ಅಂಗಳ ನೋಡುತ್ತ ನಿಂತಿರುತ್ತಿದ್ದರು.

ಒಮ್ಮೆ ಕಿಟಕಿಯ ಹತ್ತಿರ ಕೈಯಲ್ಲಿ ಟೆಸ್ಟರ್ ಇರುವಾಗಲೇ ನಾನು ಹಿಡಿದೆ.

"ಹೇಳಿ ಮಾಡಿದರೆ ಆಗುವುದಿಲ್ಲವಾ ಸಿರಿಲಣ್ಣ? ಕಳ್ಳರ ಹಾಗೆ ಎಂತಕ್ಕೆ?"

"ಹೇಳಿದರೆ ನಿನ್ನ ಮನೆಯ ಕಿಟಕಿ ಹಾಳು ಅಂತ ಹೇಳಿದ ಹಾಗಾಯಿತು. ಹೇಳದಿದ್ದರೆ ಕಿಟಕಿ ಸರಿಯಾಯಿತು, ಅಷ್ಟೇ. ಯಾವುದು ಒಳ್ಳೆಯದು ನೀನೇ ಹೇಳು ಮಾರಾಯ್ತಿ."

ಇಂಥ ತರ್ಕ ಮಾಡುವವರನ್ನು ಕಂಡರೆ ನನಗೆ ಮಂಡೆಬಿಸಿ. ಒಪ್ಪಲಿಕ್ಕೆ ಮನಸ್ಸು ಬರುವುದಿಲ್ಲ. ಆದರೆ ಆ ಕಿಟಕಿ ಆಮೇಲೆ ಗಾಳಿಗೆ ಬಡಿಯಲಿಲ್ಲ ಎಂಬುದು ನಿಜ.

ಸಿರಿಲಣ್ಣನ ಮನೆ ಸೀತಾಂಗೋಳಿ ಪೇಟೆಯಿಂದ ಸ್ವಲ್ಪ ಒಳಗೆ, ಮೂಸಾಕನ ಎಣ್ಣೆ ಮಿಲ್ಲಿನ ಬೆನ್ನಿಗೆ. ಮನೆಯ ಹಿಂದಿನ ಕೋಣೆಯೇ ಅವರ ಸ್ಟುಡಿಯೋ. ಮೊದಲು ಅಲ್ಲಿ ಕ್ಯಾಸೆಟ್ ಕಾಪಿ ಮಾಡಿ ಕೊಡುತ್ತಿದ್ದರು, ಆಮೇಲೆ ಕಂಪ್ಯೂಟರ್ ಬಂತು. ಗೋಡೆ ತುಂಬ ಮೊಟ್ಟೆಯ ಟ್ರೇಗಳು, ಬಾಗಿಲಿಗೆ ಹಳೆಯ ಹಾಸಿಗೆ. ಎಷ್ಟು ಮುಚ್ಚಿದರೂ ಮಿಲ್ಲಿನ ಸದ್ದು ಒಳಗೆ ಬರುತ್ತಿತ್ತು. ಹಾಗಾಗಿ ಮೂಸಾಕ ಮಧ್ಯಾಹ್ನ ಮಿಲ್ಲು ನಿಲ್ಲಿಸಿ ಊಟಕ್ಕೆ ಹೋದಾಗ ಮಾತ್ರ ನಮಗೆ ಹಾಡು. ಉಪವಾಸದ ತಿಂಗಳಲ್ಲಿ ಅವರು ಊಟಕ್ಕೆ ಹೋಗುವುದಿಲ್ಲವಲ್ಲ, ನಮಾಜಿನ ಹೊತ್ತಿಗೆ ಮಾತ್ರ ಮಿಲ್ಲು ನಿಲ್ಲುತ್ತಿತ್ತು. ಮೂಸಾಕ ಮಸೀದಿಗೆ ಹೊರಟರೆ ನಾನು ಕೃಷ್ಣನ ಭಜನೆ ಶುರು ಮಾಡುತ್ತಿದ್ದೆ, ಇಗರ್ಜಿಗೆ ಹೋಗುವ ಸಿರಿಲಣ್ಣ ಕಂಪ್ಯೂಟರಿನ ಮುಂದೆ ತಲೆಯಾಡಿಸುತ್ತಿದ್ದರು. ಮೂಸಾಕನಿಗೂ ಇದು ಗೊತ್ತಿತ್ತು. ಕೆಲವೊಮ್ಮೆ ವಾಪಸು ಬಂದವರು ಬಾಗಿಲು ತಟ್ಟಿ "ಆಯಿತಾ ನಿಮ್ಮದು? ಶುರು ಮಾಡಲಾ?" ಎಂದು ಕೇಳುವುದಿತ್ತು.

ನಾನು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಮೆಷಿನ್ ತುಳಿಯುವಾಗ ಹಾಡುವುದು ನನ್ನ ಚಾಳಿ. ಸಿರಿಲಣ್ಣನ ಹೆಂಡತಿ ಲಿಲ್ಲಿಬಾಯಿ ರವಕೆ ಹೊಲಿಸಲಿಕ್ಕೆ ಬಂದವರು ಅದನ್ನು ಕೇಳಿ ಗಂಡನಿಗೆ ಹೇಳಿದರು, ಗಂಡ ನನ್ನನ್ನು ಕರೆಸಿದರು. ಮೊದಲ ಹಾಡು ಮುಗಿದ ಎರಡು ದಿನಕ್ಕೆ ಸ್ಪೀಕರಿನಲ್ಲಿ ಹಾಕಿ ಕೇಳಿಸಿದಾಗ ನಾನು ಬಾಯಿ ಬಿಟ್ಟು ಕೂತೆ.

"ಇದು ನನ್ನದಾ?"

"ಮತ್ತೆ ನನ್ನದಾ?"

"ನೀವು ಸರಿ ಮಾಡಿದ್ದೀರಿ. ಸ್ವರವೇ ಇಲ್ಲದ ಆ ಕಂಟ್ರಾಕ್ಟರರು ಇಲ್ಲಿ ಬಂದು ಹಾಡಿದ್ದನ್ನು ಮಾಡಿದ ಹಾಗೆ."

"ಅವರದ್ದು ಕತ್ತರಿಸಿ ಜೋಡಿಸದಿದ್ದರೆ ಹಾಡೇ ಅಲ್ಲ. ನಿನ್ನ ಸ್ವರದಲ್ಲಿ ಕೈ ಹಾಕಲಿಕ್ಕೆ ಎಂತ ಉಂಟು ಮಾರಾಯ್ತಿ?"

ಆ ಒಂದು ಮಾತಿನ ಮೇಲೆ ನಾನು ವರ್ಷಗಟ್ಟಲೆ ನಡೆದೆ. ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ನಾದಿನಿಗೆ ಎರಡೆರಡು ಸಲ ಹೇಳಿದೆ. ಎಡನೀರಿನಲ್ಲಿ ಯಾರೋ ಗುರುತು ಹಿಡಿದು "ಸೀಡಿಯಲ್ಲಿ ಹಾಡುವವರು ನೀವೇ ಅಲ್ವಾ" ಎಂದು ಕೇಳಿದ ದಿವಸ ಖುಷಿಗೆ ಬಸ್ಸಿನಲ್ಲಿ ಕೂರಲಿಕ್ಕೂ ಆಗದೆ ನಿಂತುಕೊಂಡೇ ಬಂದೆ.

ಈಗ ಪ್ಲಗಿನ್ ಎಂದರೆ ಎಂತ ಅಂತ ಹೇಳಬೇಕು. ರವಕೆಗೆ ಲೈನಿಂಗ್, ಹುಕ್ಕು, ಲೇಸು ಇರುತ್ತದಲ್ಲ, ಹಾಡಿಗೆ ಹಚ್ಚುವ ಅಂಥ ಸಣ್ಣ ಸಣ್ಣ ಸಾಫ್ಟ್‌ವೇರುಗಳು. ಒಂದು ಸ್ವರಕ್ಕೆ ದೊಡ್ಡ ಸಭಾಂಗಣದಲ್ಲಿ ಹಾಡಿದಂಥ ಗುಂಯಿ ಕೊಡುತ್ತದೆ, ಒಂದು ಉಸಿರಿನ ಸದ್ದು ಒರೆಸುತ್ತದೆ, ಒಂದು ಜಾರಿದ ಶ್ರುತಿಯನ್ನು ಎತ್ತಿ ಕೂರಿಸುತ್ತದೆ. ಇವನ್ನು ತೆಗೆದರೆ ಒಳಗಿನ ಸ್ವರ ಹಾಡಿದ ಹಾಗೆಯೇ ಇರುತ್ತದೆ. ಸಿರಿಲಣ್ಣ ಅಂಥವನ್ನು ಎಷ್ಟೋ ಕಾಲದಿಂದ ಕೂಡಿಸಿಟ್ಟಿದ್ದರು. ಕಾಸರಗೋಡಿನ ಕಂಪ್ಯೂಟರ್ ಅಂಗಡಿಯವನು ಮೊದಲೇ ಹೇಳಿದ್ದನಂತೆ, ಇವೆಲ್ಲ ಹಳತು, ಕಂಪ್ಯೂಟರನ್ನು ಅಪ್‌ಡೇಟ್ ಮಾಡಿದರೆ ಓಡುವುದಿಲ್ಲ, ಅದನ್ನು ಮಾತ್ರ ಮಾಡಬೇಡಿ ಅಂತ.

ಆದರೆ ಅಪ್‌ಡೇಟ್ ಬಾಕಿ ಉಂಟು ಎಂದು ಪರದೆಯ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಕೂತಿತ್ತು. ಇನ್ನೊಬ್ಬರಾದರೆ ಅದರ ಪಾಡಿಗೆ ಅದನ್ನು ಬಿಡುತ್ತಿದ್ದರು. ಕಂಡವರ ಮನೆಯ ಕ್ಯಾಲೆಂಡರ್ ವಾರೆ ಇದ್ದರೆ ಚಾ ಇಳಿಯದ ಮನುಷ್ಯ, ಸ್ವಂತ ಪರದೆಯಲ್ಲಿ ಅದನ್ನು ಎಷ್ಟು ದಿನ ನೋಡಿಕೊಂಡಿರುತ್ತಾರೆ? ಒಂದು ಬೆಳಿಗ್ಗೆ ಒತ್ತಿದರು.

ನನಗೆ ಫೋನ್ ಬಂತು. "ವಾರಿಜಾ, ನನ್ನ ಪ್ಲಗಿನ್ ಒಂದೂ ಕಾಣುವುದಿಲ್ಲ." ದನ ಹಟ್ಟಿಗೆ ಬಾರದೆ ಕಂಗಾಲಾದವರ ಹಾಗೆ ಇತ್ತು ಸ್ವರ.

ನೆಕ್ರಾಜೆಯ ಭಜನಾ ಮಂದಿರದ ವಾರ್ಷಿಕಕ್ಕೆಂದು ನಾನು ಹಾಡಿದ ಹಾಡುಗಳೆಲ್ಲ ಆ ಕಂಪ್ಯೂಟರಿನಲ್ಲಿದ್ದವು. ಅಂಗಡಿ ಮುಚ್ಚಿ ಓಡಿದೆ. ಸಿರಿಲಣ್ಣ ಕುರ್ಚಿಯಿಂದ ಎದ್ದು, ಕೂತು, ಪುನಃ ಎದ್ದು, ಕಂಪ್ಯೂಟರಿನ ಹಿಂದಿನ ವಯರುಗಳನ್ನು ಕಿತ್ತು ಪುನಃ ಸಿಕ್ಕಿಸುತ್ತಿದ್ದರು. ಪರದೆಯಲ್ಲಿ ಸಾಲು ಸಾಲಾಗಿ 'ಸಿಗುತ್ತಿಲ್ಲ, ಸಿಗುತ್ತಿಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

"ನನ್ನ ಹಾಡು ಉಂಟಾ, ಅದೂ ಹೋಯಿತಾ?"

"ಹಾಡು ಉಂಟು. ಹಾಡಿಗೆ ಎಂತ ಆಗಲಿಲ್ಲ."

"ಹಾಕಿ ನೋಡುವ."

"ನಾಳೆ ನೋಡುವ."

ಸಿರಿಲಣ್ಣನ ಬಾಯಲ್ಲಿ ನಾಳೆ ಎಂಬ ಮಾತು ನಾನು ಅದೇ ಮೊದಲು ಕೇಳಿದ್ದು. ನನಗೆ ತಾಳ್ಮೆ ಕಡಿಮೆ. ಎಷ್ಟೋ ಸಲ ನೋಡಿ ಗೊತ್ತಿತ್ತು, ಕೀಬೋರ್ಡಿನ ಉದ್ದದ ಗುಂಡಿ ಒತ್ತಿದರೆ ಹಾಡು ಶುರು. ಕೈ ಚಾಚಿ ಒತ್ತಿದೆ.

ನನ್ನ ಸ್ವರ ಬಂತು. ಚಪ್ಪಟೆ, ಒಣ, ಅಡುಗೆಮನೆಯಿಂದ ಯಾರನ್ನೋ ಕರೆದ ಹಾಗೆ. ಅದಾದರೂ ಆಗಲಿ ಎನ್ನಬಹುದಿತ್ತು. ಪಲ್ಲವಿಯಲ್ಲಿ ಮೇಲಕ್ಕೆ ಹೋಗುವ ಜಾಗ ಉಂಟು. ಅಲ್ಲಿ ಸ್ವರ ಏರಿತು, ಏರಿ ಒಂದು ಕೂದಲಿನಷ್ಟು ಕೆಳಗೆ ನಿಂತಿತು, ಅಲ್ಲೇ ಸ್ವಲ್ಪ ನಡುಗಿ ಇಳಿಯಿತು. ಸಿರಿಲಣ್ಣ ಸ್ಪೀಕರಿನ ವಯರನ್ನೇ ಎಳೆದರು.

"ಹಳೆಯದು ಹಾಕಿ," ಎಂದೆ.

"ಬೇಡ ವಾರಿಜಾ."

"ಹಾಕಿ ಅಂದೆನಲ್ಲ."

ಹಾಕಿದರು. ಹೋದ ವರ್ಷದ್ದು, ಅದರ ಹಿಂದಿನದ್ದು. ಎಲ್ಲದರಲ್ಲೂ ಮೇಲಕ್ಕೆ ಹೋಗುವ ಜಾಗಕ್ಕೆ ಬಂದಾಗ ಅದೇ ಕೂದಲಿನಷ್ಟು ಕೆಳಗೆ. ಹೊರಗೆ ಮೂಸಾಕನ ಮಿಲ್ಲು ಶುರುವಾಯಿತು. ನಾನು ಚಪ್ಪಲಿ ಹಾಕಿಕೊಂಡು ಹೊರಟೆ. ಲಿಲ್ಲಿಬಾಯಿ ಜಗಲಿಯಿಂದ ಚಾ ಚಾ ಎಂದು ಕರೆದದ್ದಕ್ಕೂ ತಿರುಗಿ ನೋಡಲಿಲ್ಲ.

ಮಾರನೆಯ ದಿನ ಅಂಗಡಿಯಲ್ಲಿ ಮೆಷಿನ್ ತುಳಿಯುತ್ತಿದ್ದೇನೆ, ಬಾಯಿ ಬಿಡಲಿಕ್ಕೆ ಹೆದರಿಕೆ. ಹಾಡು ಗಂಟಲಿಗೆ ಬರುತ್ತದೆ, ಮೇಲಿನ ಸ್ವರದ ನೆನಪಾಗುತ್ತದೆ, ನುಂಗಿಕೊಳ್ಳುತ್ತೇನೆ. ಹಾಡಿಲ್ಲದೆ ಕಾಲು ತಾಳ ತಪ್ಪುತ್ತಿತ್ತು, ದಾರ ತುಂಡಾಗುತ್ತಿತ್ತು. ಅಷ್ಟು ಹೊತ್ತಿಗೆ ಸಿರಿಲಣ್ಣ ಬಂದರು. ಬಂದವರೇ ನನ್ನ ಮೆಷಿನಿನ ಬೆಲ್ಟ್ ಸಡಿಲವಾದದ್ದನ್ನು ಕಂಡು ಬಗ್ಗಿದರು.

"ಅದನ್ನು ಮುಟ್ಟಬೇಡಿ," ಎಂದೆ. "ನಿಮ್ಮ ಕೈ ಎಲ್ಲಿ ಹೋದರೂ ಹೀಗೆಯೇ. ಇಷ್ಟು ವರ್ಷ ನನಗೆ ಸುಳ್ಳು ಹೇಳಿದಿರಿ."

ಅವರು ಸ್ಟೂಲಿನ ಮೇಲೆ ಕೂತರು. "ಲಿಲ್ಲಿಗೆ ಮೊನ್ನೆ ರವಕೆ ಹೊಲಿದೆಯಲ್ಲ, ಅಳತೆಗೆ ಕೊಟ್ಟದ್ದು ಯಾವ ಕಾಲದ್ದು?"

"ಮದುವೆಯ ಸಮಯದ್ದು."

"ಹೊಸತು ಸರಿಯಾಗಿ ಕೂತಿತು. ನಾನು ಎಂತ ದಪ್ಪ ಆಗಲಿಲ್ಲ ಅಂತ ಇಗರ್ಜಿಯಲ್ಲೆಲ್ಲ ಹೇಳಿಕೊಂಡು ಬಂದಳು. ನೀನು ಅಳತೆಗಿಂತ ಅಗಲಕ್ಕೆ ಬಟ್ಟೆ ಬಿಟ್ಟು ಹೊಲಿದದ್ದನ್ನು ಅವಳಿಗೆ ಹೇಳಿದೆಯಾ?"

ನನಗೆ ನಗು ಬಂತು, ನಗು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. "ರವಕೆ ಬಿಚ್ಚಿ ಇಡಬಹುದು ಸಿರಿಲಣ್ಣ. ಸ್ವರ ಬಿಚ್ಚಿ ಎಲ್ಲಿ ಇಡಲಿ? ಈಗ ನಿಜ ಹೇಳಿ, ನನ್ನದು ಹೇಗುಂಟು?"

ಅವರು ಕತ್ತರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಮೇಲೆ ಹೋಗುವಾಗ ಸ್ವಲ್ಪ ಕೆಳಗೆ ನಿಲ್ಲುತ್ತೀ. ಯಾವಾಗಲೂ. ಬೇರೆ ಎಂತ ಇಲ್ಲ. ಅಷ್ಟು ಒಂದನ್ನೇ ನಾನು ಎತ್ತುತ್ತಿದ್ದದ್ದು."

"ಹಾಗಾದರೆ ನೆಕ್ರಾಜೆಯದ್ದನ್ನು ಎತ್ತಬೇಡಿ. ಹಾಗೆಯೇ ಕೊಡಿ."

"ಪ್ಲಗಿನ್‌ಗಳು ಬರುತ್ತವೆ. ಒಂದೊಂದೇ ಹುಡುಕುತ್ತಿದ್ದೇನೆ, ವಾರ್ಷಿಕಕ್ಕೆ ಇನ್ನೂ ಸಮಯ ಉಂಟು."

"ಬಂದರೂ ಬೇಡ."

"ಜನ ನಗಾಡಿದರೆ?"

"ನಗಾಡಲಿ. ನಾನು ಹಾಡುವವಳಾ ಅಲ್ಲವಾ ಅಂತ ನನಗೆ ಗೊತ್ತಾಗಬೇಕು. ನೀವು ಕೈ ಹಾಕಿದರೆ ಅದು ಈ ಜನ್ಮದಲ್ಲಿ ಗೊತ್ತಾಗುವುದಿಲ್ಲ."

ಸಿರಿಲಣ್ಣ ಎದ್ದು ನಿಂತು ಜೇಬಿನಿಂದ ಟೆಸ್ಟರ್ ತೆಗೆದು ನನ್ನ ಮೆಷಿನಿನ ಮೇಲೆ ಇಟ್ಟರು. "ಇದು ಇಲ್ಲಿರಲಿ. ಹಾಡು ಅವರಿಗೆ ಕೊಟ್ಟ ಮೇಲೆ ತೆಗೆದುಕೊಂಡು ಹೋಗುತ್ತೇನೆ." ಜೇಬು ಖಾಲಿಯಾದ ಅಂಗಿಯಲ್ಲಿ ಅವರನ್ನು ನೋಡಿ ನನಗೆ ಯಾರೋ ಬೇರೆಯವರು ಎನಿಸಿತು.

ವಾರ್ಷಿಕದ ದಿನ ನಾನು ನೆಕ್ರಾಜೆಗೆ ಹೋಗಲಿಲ್ಲ. ಮದುವೆಯ ರವಕೆಗಳು ಬಾಕಿ ಎಂದು ಹೇಳಿ ಕಳಿಸಿದೆ. ಮೈಕಿನಲ್ಲಿ ಆ ಮೇಲಿನ ಸ್ವರ ಊರಿಡೀ ಕೇಳುವಾಗ ಅಲ್ಲಿ ನಿಲ್ಲುವ ಧೈರ್ಯ ನನಗಿರಲಿಲ್ಲ. ಇಡೀ ದಿನ ಒಂದು ತೋಳು ಹಚ್ಚಿದ್ದು, ಬಿಚ್ಚಿದ್ದು. ಮರುದಿನ ಮಂದಿರದ ಕಡೆಯ ಹೆಂಗಸರು ಅಂಗಡಿಗೆ ಬಂದರು. ನಾನು ತಲೆ ಎತ್ತಲಿಲ್ಲ. "ಎಷ್ಟು ಲಾಯ್ಕ ಹಾಡಿದ್ದೀರಿ ವಾರಿಜಕ್ಕ," ಎಂದಳು ಒಬ್ಬಳು. "ಅತ್ತೆ ಎರಡನೇ ಸಲ ಹಾಕಿಸಿ ಕೇಳಿದರು," ಎಂದಳು ಇನ್ನೊಬ್ಬಳು.

ನನಗೆ ಎಲ್ಲ ಗೊತ್ತಾಯಿತು ಎಂದುಕೊಂಡೆ. ಜನ ಹೊಗಳಿದರು ಎಂದರೆ ಸಿರಿಲಣ್ಣ ಎತ್ತಿದ್ದಾರೆ. ಪ್ಲಗಿನ್‌ಗಳು ಹಿಂದೆ ಬಂದಿವೆ ಎಂದು ಲಿಲ್ಲಿಬಾಯಿ ಹೇಳಿದ್ದೂ ಇತ್ತು. ಆ ಹೆಂಗಸರು ಕೊಟ್ಟುಹೋದ ಸೀಡಿಯನ್ನು ನಾನು ಕವರಿನಿಂದ ಹೊರಗೆ ತೆಗೆಯಲೇ ಇಲ್ಲ.

ಟೆಸ್ಟರ್ ತೆಗೆದುಕೊಂಡು ಹೋಗಲಿಕ್ಕೆ ಬಂದದ್ದೇ ಜೀವಂತ ಇರುವಾಗ ಅವರನ್ನು ನಾನು ಕೊನೆಯದಾಗಿ ಕಂಡದ್ದು.

"ಮುಟ್ಟಿದ್ದೀರಿ ಅಲ್ವಾ?" ಎಂದೆ. "ಪರವಾಗಿಲ್ಲ ಬಿಡಿ. ನಿಮ್ಮ ಕೈಯ ಗುಣ ನನಗೆ ಗೊತ್ತುಂಟು."

"ನೀನು ಕೇಳಿದೆಯಾ?"

"ಇಲ್ಲ."

"ಕೇಳು. ಆಮೇಲೆ ಮಾತನಾಡುವ."

ಟೆಸ್ಟರನ್ನು ಅಂಗಿಯ ತುದಿಗೆ ಒರೆಸಿ ಜೇಬಿಗೆ ಸಿಕ್ಕಿಸಿ ಮೆಟ್ಟಿಲಿಳಿದರು. ಇಳಿದವರು ನಿಂತು ಮೇಲೆ ನೋಡಿದರು. ಕೈ ಜೇಬಿಗೆ ಹೋಯಿತು, ಹೋದದ್ದು ಅಲ್ಲಿಯೇ ನಿಂತಿತು. "ವಾರಿಜಾ, ನಿನ್ನ ಅಂಗಡಿಯ ಬೋರ್ಡಿನ ಒಂದು ಸ್ಕ್ರೂ ಸಡಿಲ ಉಂಟು. ಬಿಗಿ ಮಾಡಲಾ?"

ಅವರು ಕೇಳಿ ಮಾಡಿದ ಒಂದೇ ಕೆಲಸ ಅದು. ಮಾಡಿ ಎಂದೆ, ಮಾಡಿದರು, ಹೋದರು.

ಸ್ವಲ್ಪ ಸಮಯದಲ್ಲೇ ಒಂದು ಸಂಜೆ ಎದೆ ನೋವೆಂದು ಮಂಗಳೂರಿಗೆ ಕರೆದುಕೊಂಡು ಹೋದವರನ್ನು ಹಾಗೆಯೇ ವಾಪಸು ತಂದರು. ಅಷ್ಟು ಅಲುಗಾಡುವ ಮನುಷ್ಯ ಪೆಟ್ಟಿಗೆಯಲ್ಲಿ ಕೈ ಜೋಡಿಸಿ ಮಲಗಿದ್ದನ್ನು ನನಗೆ ನೋಡಲಿಕ್ಕಾಗಲಿಲ್ಲ. ಇಗರ್ಜಿಯ ಅಂಗಳದಲ್ಲಿ ಮೂಸಾಕನ ಪಕ್ಕದಲ್ಲಿ ನಿಂತು ಅತ್ತೆ.

ತೀರಿಕೊಂಡು ತಿಂಗಳಾದದ್ದಕ್ಕೆ ಇಗರ್ಜಿಯಲ್ಲಿ ಪೂಜೆ ಮುಗಿಸಿ ಲಿಲ್ಲಿಬಾಯಿ ನನ್ನನ್ನು ಮನೆಗೆ ಕರೆದುಕೊಂಡು ಹೋದರು. ಅಡುಗೆಮನೆಯ ನಳ್ಳಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ನಾನು ಅದನ್ನು ನೋಡುವುದನ್ನು ನೋಡಿ ಅವರೇ ಶುರು ಮಾಡಿದರು.

"ಅದು ಅವರೇ ಹಾಳು ಮಾಡಿದ್ದು. ನಿನ್ನ ನೆಕ್ರಾಜೆಯ ಹಾಡು ಹಾಕಿ ಕೂರುವುದು, ಮೌಸಿನ ಮೇಲೆ ಕೈ ಇಡುವುದು, ತಕ್ಷಣ ಎದ್ದು ಬರುವುದು. ಬಂದು ಇಲ್ಲಿ ನಳ್ಳಿ ಬಿಚ್ಚುವುದು. ಜೋಡಿಸಿ ಪುನಃ ಹೋಗಿ ಹಾಡು ಹಾಕುವುದು, ಪುನಃ ಬಂದು ಬಿಚ್ಚುವುದು. ಟೆಸ್ಟರ್ ನಿನ್ನ ಹತ್ತಿರ ಇತ್ತಲ್ಲ, ನನ್ನ ಮೀನಿನ ಚೂರಿಯ ತುದಿ ಹೋಯಿತು. ಎಂತ ಸಾವು ಇದು, ಆ ಹಾಡನ್ನು ಸರಿ ಮಾಡಿ ಮುಗಿಸಿ ಅಂದೆ. ಅವಳು ಬೇಡ ಅಂದಿದ್ದಾಳೆ ಅಂದರು."

ನಾನು ಹಿಂದಿನ ಕೋಣೆಗೆ ಹೋದೆ. ಲಿಲ್ಲಿಬಾಯಿಯೇ ಕಂಪ್ಯೂಟರ್ ಹಾಕಿ ಹಾಡು ಹುಡುಕಿ ಕೊಟ್ಟರು. ಕುರ್ಚಿಯಲ್ಲಿ ಕೂರದೆ ನಿಂತುಕೊಂಡೇ ಉದ್ದದ ಗುಂಡಿ ಒತ್ತಿದೆ. ಪಲ್ಲವಿ ಬಂತು. ಮೇಲಿನ ಜಾಗ ಬಂತು. ಸ್ವರ ಏರಿ, ಒಂದು ಕೂದಲಿನಷ್ಟು ಕೆಳಗೆ ನಿಂತು, ನಡುಗಿ, ಇಳಿಯಿತು. ನೆಕ್ರಾಜೆಯವರು ಎರಡು ಸಲ ಹಾಕಿಸಿ ಕೇಳಿದ್ದು ಇದನ್ನೇ. ನಾನು ಕಣ್ಣೊರೆಸಿಕೊಳ್ಳುತ್ತಿದ್ದಂತೆ ಹಾಡು ಮುಗಿಯಿತು, ಅದರ ಬಾಲಕ್ಕೆ ಸ್ಪೀಕರಿನೊಳಗೇ ದೂರದಲ್ಲಿ ಮೂಸಾಕನ ಮಿಲ್ಲು ಶುರುವಾದ ಸದ್ದು ಕೇಳಿಸಿತು. ಸಿರಿಲಣ್ಣ ಅದನ್ನೂ ಮುಟ್ಟಿರಲಿಲ್ಲ.